ಹಿಂದಿನ ಸೀಟಿನಲ್ಲಿ ಕೂತು ಊರು ನೋಡಿದ್ದು

ನಮ್ಮ ಊರನ್ನು ನಮಗೇ ತೋರಿಸುವ ಗಾಡಿ ಹತ್ತಿ ಕೂರುವ ದಿನ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. ಎರಡೂ ಬದಿ ತೆರೆದ ಹಳದಿ ಗಾಡಿ. ಕುಂದಾಪುರದಿಂದ ಹೊರಟು ಹಟ್ಟಿಯಂಗಡಿ, ಮರವಂತೆ ತೋರಿಸಿ, ಬೈಂದೂರಿನ ಕಡಲ ತೀರದವರೆಗೆ ಹೋಗಿ ಬರುತ್ತದೆ. ದಾರಿಯುದ್ದಕ್ಕೂ ಒಬ್ಬರು ಮೈಕ್ ಹಿಡಿದು ವಿವರಿಸುತ್ತಾರೆ. ಆ ದಿನ ಮೈಕ್ ಹಿಡಿದವರು ನನ್ನ ಯಜಮಾನರು. ಅವರ ಸ್ವರ ಕೊನೆಯವರೆಗೆ ಬರುತ್ತದೋ ಇಲ್ಲವೋ ನೋಡಬೇಕೆಂದು ನಾನು ಪ್ರವಾಸಿಗರ ಜೊತೆ ಹಿಂದಿನ ಸೀಟಿನಲ್ಲಿ ಕೂತಿದ್ದೆ.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಖಾಸಗಿ ಬಸ್ಸಿನ ಕಂಡಕ್ಟರ್. ಬಸ್ಸು ಹೊಳೆಯ ಸಂಕದ ಆಚೆ ಇರುವಾಗಲೇ ಅವರ ಕೂಗು ಈಚೆ ಕೇಳುತ್ತಿತ್ತು. ಹೋದ ವರ್ಷ ಗಂಟಲಲ್ಲಿ ಸಣ್ಣ ಗಂಟು ಕಂಡು ಆಪರೇಷನ್ ಆಯಿತು. ಕೆಟ್ಟದ್ದೇನಲ್ಲ, ಎರಡು ತಿಂಗಳು ಮಾತು ಬೇಡ, ಆಮೇಲೆ ಧಾರಾಳ ಮಾತಾಡಿ ಎಂದರು ಡಾಕ್ಟರು. ಹತ್ತು ತಿಂಗಳಾದರೂ ಇವರ ಬಾಯಿ ತೆರೆಯಲಿಲ್ಲ. ಚಾ ಬೇಕಾದರೆ ಕಿಟಕಿಯ ಸರಳಿಗೆ ಒಂದು ಸಲ ಬಡಿಯುವುದು, ನಾನು ಹೋಗಬಹುದಾದರೆ ಎರಡು ಸಲ. "ನಾನೆಂತ ಬಸ್ಸಾ?" ಎಂದು ಒಂದು ದಿನ ರೇಗಿದೆ. ಇವರು ಸರಳಿಗೆ ಎರಡು ಸಲ ಬಡಿದರು. ಇಷ್ಟು ವರ್ಷ ಜಗಳವಾಡಿದ ಮನುಷ್ಯ ಹೀಗೆ ಕೂತರೆ ನಾನು ಯಾರ ಹತ್ತಿರ ಜಗಳವಾಡಲಿ? ಇವರು ಹೀಗೇ ಮೂಕರಾಗಿ ಉಳಿದುಬಿಡುತ್ತಾರೋ ಎಂಬ ಭಯ ನನ್ನನ್ನು ಹಿಡಿದಿತ್ತು.

ಹಾಗಿರುವಾಗ ಈ ಗಾಡಿಯ ಮಾಲೀಕರು, ಇವರ ಹಳೆಯ ಪರಿಚಯದವರು, ಮೈಕ್ ಹಿಡಿಯಲು ಜನ ಹುಡುಕುತ್ತಾ ಮನೆಗೆ ಬಂದರು. ಇವರು ತಲೆ ಅಲ್ಲಾಡಿಸುವ ಮೊದಲೇ "ಆಯ್ತ್, ಐತಾರ ಬತ್ರ್" ಎಂದು ಇವರ ಪರವಾಗಿ ನಾನೇ ಭಾನುವಾರಕ್ಕೆ ಒಪ್ಪಿಕೊಂಡೆ. ಒಂದು ಟ್ರಿಪ್ ನೋಡುವ, ಆಗದಿದ್ದರೆ ಬೇರೆಯವರನ್ನು ಹುಡುಕುತ್ತೇನೆ ಎಂದರು ಮಾಲೀಕರು. ಇವರು ನನ್ನನ್ನು ನುಂಗುವ ಹಾಗೆ ನೋಡಿದರು. ನೋಡಲಿ.

ಭಾನುವಾರ ಗಾಡಿ ಹೊರಟಿತು. ಮಾಲೀಕರು ಕೊಟ್ಟ ಎರಡು ಹಾಳೆ ಹಿಡಿದು ಇವರು ಓದತೊಡಗಿದರು. "ಮಾನ್ಯ ಪ್ರವಾಸಿಗರೇ, ಇದೀಗ ನಾವು ಪಂಚಗಂಗಾವಳಿ ನದಿಯನ್ನು..." ಅಷ್ಟಕ್ಕೇ ಸ್ವರ ಒಡೆಯಿತು. ಕೆಮ್ಮಿದರು. ಮತ್ತೆ "ಪಂಚ..." ಎಂದು ನಿಂತರು. ಹೊಳೆ, ದೋಣಿ, ತೆಂಗು ಎಲ್ಲ ಯಾವ ವಿವರಣೆಯೂ ಇಲ್ಲದೆ ಹಿಂದೆ ಹೋದವು. ಮುಂದೆ ಕೂತಿದ್ದ ಹುಬ್ಬಳ್ಳಿಯ ಕುಟುಂಬದವರು ಪರಸ್ಪರ ಮುಖ ನೋಡಿಕೊಂಡರು. ಇದ್ದ ಮರ್ಯಾದೆಯನ್ನೂ ಹತ್ತು ಜನರ ಎದುರು ನಾನೇ ತೆಗೆಸಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ.

ತಲ್ಲೂರು ಬಂತು. ಇವರ ಕೈ ತಾನಾಗಿಯೇ ಗಾಡಿಯ ಬದಿಗೆ ಬಡಿಯಿತು.

"ತಲ್ಲೂರ್, ತಲ್ಲೂರ್, ತಲ್ಲೂರ್! ಇಳುವವ್ರ್ ಮುಂದ್ ಬನ್ನಿ, ಬೇಗ ಬೇಗ!"

ಸ್ವರ ದೊರಗಾಗಿತ್ತು, ಆದರೆ ಕೂಗು ಅದೇ ಕಂಡಕ್ಟರನದು. ಡ್ರೈವರ್ ಕೂಡ ಹಳೆಯ ಬಸ್ಸಿನವರೇ. ಬಡಿತ ಕೇಳಿದ್ದೇ ಬ್ರೇಕ್ ಹಾಕಿಬಿಟ್ಟರು. ಹುಬ್ಬಳ್ಳಿಯ ಅಜ್ಜಿ ಚೀಲ ಹಿಡಿದು ಎದ್ದು ನಿಂತರು. "ಇಲ್ಲೇ ಇಳೀಬೇಕೇನ್ರೀ?" ಮೊದಲು ನಕ್ಕವರು ಇವರೇ. ಹತ್ತು ತಿಂಗಳಾಗಿತ್ತು ಆ ನಗು ಕೇಳದೆ. "ಕೂಕಣಿ ಅಮ್ಮ, ಇಳುದ್ ಬ್ಯಾಡ" ಎಂದು ಅಜ್ಜಿಯನ್ನು ಕೂರಿಸಿ, ಹಾಳೆಗಳನ್ನು ಮಡಚಿ ಕಿಸೆಗೆ ಹಾಕಿದರು.

ಆಮೇಲೆ ಹಾಳೆಯಲ್ಲಿದ್ದ ರಾಜರು, ಶಾಸನ ಎಲ್ಲ ಬದಿಗೆ ಹೋಯಿತು. ಸ್ಟಾಪಿಗೊಂದು ಕಥೆ. ಒಂದು ಗೋಳಿಮರದ ಅಡಿಯಲ್ಲಿ ಒಬ್ಬ ಹೆಂಗಸು ವರ್ಷಗಟ್ಟಲೆ ಬಸ್ಸು ನಿಲ್ಲಿಸಿ, ವಂಡ್ಸೆಯ ಬಸ್ಸು ಹೋಯಿತಾ ಎಂದು ಕೇಳುತ್ತಿದ್ದಳಂತೆ. ಒಂದು ದಿನವೂ ಯಾವ ಬಸ್ಸನ್ನೂ ಹತ್ತಲಿಲ್ಲವಂತೆ. ಹಟ್ಟಿಯಂಗಡಿಯ ದೇವಸ್ಥಾನಕ್ಕೆ ಹೊರಟ ಮದುಮಗನೊಬ್ಬ ನಿದ್ದೆ ಹೋಗಿ, ಸ್ಟಾಪ್ ದಾಟಿ, ತಿರುಗಿ ಬರುವಾಗ ಸೀಟಿಲ್ಲದೆ ಮೀನಿನ ಬುಟ್ಟಿಗಳ ನಡುವೆ ನಿಂತು ಬಂದನಂತೆ. ಹುಬ್ಬಳ್ಳಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇದರಲ್ಲಿ ಒಂದನ್ನೂ ಇವರು ನನಗೆ ಹೇಳಿದವರಲ್ಲ ಎಂದು ನನಗೆ ಸ್ವಲ್ಪ ಸಿಟ್ಟೂ ಬಂತು. "ಹಿಂದಿನ್ ಸೀಟಿಗೆ ಕೇಂತಾ ಇತ್ತಾ?" ಎಂದು ನಡುವೆ ಕೂಗಿದರು. ಕೇಳುತ್ತದೆ ಎಂದು ನಾನು ಕೈ ಎತ್ತಿದೆ.

ಬೈಂದೂರಿನಲ್ಲಿ ಎಲ್ಲರೂ ನೀರಿಗೆ ಇಳಿದಾಗ ಇವರು ಎಳನೀರು ಹಿಡಿದು ನನ್ನ ಬದಿಗೆ ಬಂದು ಕೂತರು.

"ಇಷ್ಟ್ ದಿನ ಎಂತಕ್ ಬಾಯಿ ಬಿಡ್ಲಿಲ್ಲ ಮಾರಾಯ್ರೆ?" ಎಂದೆ.

"ಮೊದ್ಲಿನ್ ಸ್ವರ ಬಪ್ಪುದಿಲ್ಲ ಅಂದೇಳಿ ಹೆದ್ರಿಕಿ ಮಾರಾಯ್ತಿ. ಒಬ್ನೇ ಮಾತಾಡಿ ಕಂಡೆ, ಕೇಂಬುಕೆ ಯಾರ್ದೋ ಸ್ವರದಂಗ್ ಇತ್ತ್."

"ಮೊದ್ಲಿನ್ ಸ್ವರ ಚಂದ ಇತ್ತ್ ಅಂದ್ ನಾನ್ ಯಾವತ್ ಹೇಳಿದ್ದೆ?"

ಇವರು ಎಳನೀರನ್ನು ನನ್ನ ಕೈಗೆ ಕೊಟ್ಟರು. "ಹೇಳ್ಲಿಲ್ಲ" ಎಂದು ಒಪ್ಪಿಕೊಂಡರು.

ತಿರುಗಿ ಬರುವಾಗ ಮೈಕ್ ಬಂದ್. ಪ್ರವಾಸಿಗರು ತೂಕಡಿಸುತ್ತಿದ್ದರು. ಇವರು ಮಾತ್ರ ನನ್ನ ಪಕ್ಕ ಕೂತು ದೂರು ಹೇಳಲು ಶುರುಮಾಡಿದರು. ಮಳೆಗಾಲದಲ್ಲಿ ನಾನು ತಂದ ಬಂಗುಡೆ ಮೀನು ಹಳತಾಗಿತ್ತು. ಸಾರಿಗೆ ಹುಳಿ ಯಾವಾಗಲೂ ಜಾಸ್ತಿ. ಕೇಳದೆ ಐತಾರ ಬತ್ರ್ ಅಂದದ್ದು ದೊಡ್ಡ ತಪ್ಪು. ಹತ್ತು ತಿಂಗಳು ಒಳಗೇ ಕೂಡಿಟ್ಟಿದ್ದೆಲ್ಲ ಹೊರಗೆ ಬರುತ್ತಿತ್ತು. ಹೆಮ್ಮಾಡಿ ದಾಟುವ ಹೊತ್ತಿಗೆ ನನಗೆ ತಡೆಯಲಿಲ್ಲ.

"ಒಂದ್ ಗಳಿಗಿ ಸುಮ್ನೆ ಕೂಕಣಿ ಕಾಂಬ!" ಎಂದು ಗದರಿದೆ.

ಗದರಿದ ಮೇಲೆ ತಿಳಿಯಿತು, ಈ ಮಾತು ಹೇಳದೆ ಎಷ್ಟು ದಿನವಾಗಿತ್ತು ಎಂದು. ಎದೆ ಹಗುರವಾಗಿ ಕಣ್ಣು ತುಂಬಿಕೊಂಡಿತು. ಇವರು ಸುಮ್ಮನಾಗಲಿಲ್ಲ.