ದೊಡ್ಡಮ್ಮ ಆರಿಸಿದ ಹೆಡ್‌ಸೆಟ್

ಹೆಡ್‌ಸೆಟ್‌ಗಳ ಬಣ್ಣ, ಅವುಗಳನ್ನು ನೋಡಿದ ಕ್ರಮ ನನ್ನ ನೆನಪಿನಲ್ಲಿ ತಪ್ಪಿರಬಹುದು. ಆದರೆ ಮಲ್ಲೇಶ್ವರದ ಆ ಅಂಗಡಿಯಲ್ಲಿ ದೊಡ್ಡಮ್ಮ ಒಂದೊಂದನ್ನೂ ಹಾಕಿಕೊಂಡು, ಓಲೆ ಕಿವಿಗೆ ಒತ್ತಿದರೆ ಪಕ್ಕಕ್ಕಿಡುತ್ತಿದ್ದುದು ಖಚಿತ.

“ಮೊಮ್ಮಗನಿಗೆ ಇದೇ ಸಾಕು ಬಿಡಿಮ್ಮಾ,” ಎಂದ ಅಂಗಡಿಯವ.

“ಆನ್‌ಲೈನ್‌ನಲ್ಲಿ ಗೇಮ್ ಆಡೋದು ನಾನಪ್ಪ. ಮಾತು ಸರಿಯಾಗಿ ಕೇಳಿಸದಿದ್ರೆ ಟೀಮಿಂದ ತೆಗೀತಾರಂತೆ. ಫ್ಯಾನ್ ಜೋರಾಗಿ ಹಾಕಿ, ನನ್ನ ದನಿ ರೆಕಾರ್ಡ್ ಮಾಡಿ ಕೇಳಿಸಿ.”

ಕೊನೆಗೆ ಮೆತ್ತನೆಯದೊಂದು ಸಿಕ್ಕಿತು. ಮೈಕನ್ನು ತುಟಿಯ ಬಳಿಗೆ ಎಳೆದುಕೊಂಡು, ಆಟದಲ್ಲಿ ಜೊತೆಗಾರನನ್ನು ಎಚ್ಚರಿಸುವಂತೆ ಗದರಿದರು: “ಎಡಗಡೆ ಮನೇಲಿ ಇಬ್ರಿದಾರೆ ಗುರು, ನುಗ್ಬೇಡ!” ರೆಕಾರ್ಡಿಂಗ್‌ನಲ್ಲಿ ಫ್ಯಾನಿನ ಸದ್ದಿಲ್ಲದೆ ಪ್ರತಿ ಮಾತೂ ಸ್ಪಷ್ಟವಾಗಿತ್ತು. ಅದನ್ನೇ ಕೊಂಡರು.

ಮನೆಯಲ್ಲಿ ಅವರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ನನಗೆ ನೆನಪಿಲ್ಲ. ನಾನೇ ಕೇಳಿಸಿಕೊಂಡಿರಲಿಲ್ಲವೋ ಏನೋ. ಆಟೋದಲ್ಲಿ ಕೇಳಿದೆ: “ದೊಡ್ಡಮ್ಮ, ನಿಮ್ಮ ವಯಸ್ಸು ಟೀಮಿನವರಿಗೆ ಗೊತ್ತಾ?” ಅವರು ಹೊಸ ಹೆಡ್‌ಸೆಟ್ ತೆಗೆದು ಓಲೆಯ ಮೇಲೆ ಮೆತ್ತಗೆ ಕೂರಿಸಿಕೊಂಡರು.