ಎತ್ತ ತಿರುಗಿದರೂ ಕಡಲು

ನಾನು ಅಜ್ಜನಾದೆ! ಕಳೆದ ಜನವರಿಯಲ್ಲಿ, ಬಹರೈನ್‌ನಲ್ಲಿ, ನನ್ನ ಒಬ್ಬಳೇ ಮಗಳು ಶೈಲಾಳಿಗೆ ಹೆಣ್ಣು ಮಗು ಹುಟ್ಟಿತು. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಬಂದ ಮಗು. ಇದನ್ನು ಮೊದಲು ಹೇಳದೆ ಬೇರೆ ಏನು ಬರೆಯಲಿಕ್ಕೂ ನನ್ನ ಕೈ ಕೇಳುವುದಿಲ್ಲ.

ನಾನು ಓದಿದ್ದು ಮೂರನೇ ಕ್ಲಾಸು. ಮಲ್ಪೆಯಿಂದ ಮೀನು ತಂದು ನಲವತ್ತು ವರ್ಷ ಸೈಕಲ್ಲಿನಲ್ಲಿ ಮನೆಮನೆಗೆ ಮಾರಿದವನು. ಬಾಣಂತನಕ್ಕೆಂದು ನಾನೂ ನನ್ನ ಹೆಂಡತಿಯೂ ಜಿಂಜ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಲ್ಲಿ ಅಳಿಯ ದಿನೇಶನ ಸೈಕಲ್ ಧೂಳು ಹಿಡಿದು ನಿಂತಿತ್ತು. ಒರೆಸಿ, ಎಣ್ಣೆ ಬಿಟ್ಟು, “ಹಿಂದಿನ ಮಡ್‌ಗಾರ್ಡಿಗೆ ಫೋನ್ ನಂಬರ್ ಬರೆಯಿರಿ” ಎಂದೆ. ಊರಿನಲ್ಲಿ ಗಿರಾಕಿಗಳಿಗೆಂದು ನಾನು ಹಾಗೆ ಬರೆಸಿಕೊಂಡಿದ್ದೆ. ಸೈಕಲ್ ಎಂದರೆ ನಂಬರ್ ಇರಬೇಕು, ಇಲ್ಲದಿದ್ದರೆ ನನಗೆ ಬೋಳು ಬೋಳು ಕಾಣುತ್ತದೆ.

ಅಳಿಯ ನಕ್ಕ. “ಮಾವ, ಇಲ್ಲಿ ನಿಮ್ಮನ್ನು ಮೀನಿಗೆ ಯಾರು ಕರೀತಾರೆ?”

ಶೈಲಾ ಮಾತ್ರ ಉಗುರಿಗೆ ಹಚ್ಚುವ ಕೆಂಪು ಬಣ್ಣದಲ್ಲಿ ಅವನ ನಂಬರನ್ನು ಚಂದ ಮಾಡಿ ಬರೆದುಕೊಟ್ಟಳು.

ನಮ್ಮ ಮನೆಯಲ್ಲಿ ಒಂದು ಕ್ರಮ ಉಂಟು. ಹುಟ್ಟಿದ ಮಗು ಮೊದಲ ಸಲ ಮನೆಗೆ ಬರುವಾಗ ತಾಯಿಯ ಅಪ್ಪನೇ ಎತ್ತಿಕೊಂಡು ಹೊಸ್ತಿಲು ದಾಟಿಸಬೇಕು. ಒಂಬತ್ತು ವರ್ಷ ನಾನು ಕಾದದ್ದು ಆ ಗಳಿಗೆಗೆ. ಮಗಳನ್ನೂ ಮಗುವನ್ನೂ ಮಧ್ಯಾಹ್ನ ಒಂದು ಗಂಟೆಗೆ ಕರೆತರುವುದೆಂದು ಗೊತ್ತಾಯಿತು. ಹೆಂಡತಿ, ಅಳಿಯ ಇಬ್ಬರೂ ಆಸ್ಪತ್ರೆಯಲ್ಲೇ ಇದ್ದರು. ಬಾಣಂತಿಗೆ ಕಾಳುಮೆಣಸು ಹಾಕಿದ ಕಾಣೆ ಮೀನಿನ ಸಾರು ಬೇಡವೇ? ಐಸಿನಲ್ಲಿ ಮಲಗಿದ ಮೀನು ನನ್ನ ಮಗಳಿಗೆ ಆಗದು. ಸೇತುವೆಯಾಚೆಯ ಮುಹರ್ರಕ್‌ನಲ್ಲಿ ಬೆಳಿಗ್ಗೆ ದೋಣಿ ಬರುವ ಜಾಗವನ್ನು ಅಳಿಯ ಒಮ್ಮೆ ತೋರಿಸಿದ್ದ. ಏಳು ಗಂಟೆಗೆ ಒಬ್ಬನೇ ಸೈಕಲ್ ಹತ್ತಿದೆ.

ಆಹಾ, ಆ ದಾರಿ! ನೀರಿನ ಬದಿಗೇ ನಡೆಯುವವರಿಗೆ ಮಾಡಿದ ಹಾದಿ, ಆಮೇಲೆ ಉದ್ದದ ಸೇತುವೆ. ಎರಡೂ ಬದಿ ತಿಳಿ ಹಸಿರು ನೀರು, ಮುಖಕ್ಕೆ ತಣ್ಣನೆ ಗಾಳಿ. ತಲೆಯ ಮೇಲೆ ವಿಮಾನ ಇಳಿಯುವಾಗ “ನಾನು ಅಜ್ಜ ಆದೆ ಮಾರಾಯ!” ಎಂದು ಕೂಗಿಯೇಬಿಟ್ಟೆ. ಮೀನು ಸಿಕ್ಕಿತು. ಕಿವಿರು ಬಿಡಿಸಿ ನೋಡಿದೆ, ಕೆಂಪು ಕೆಂಪು, ಆಗ ತಾನೇ ಹಿಡಿದದ್ದು.

ಎಡವಟ್ಟಾದದ್ದು ಹಿಂದೆ ಬರುವಾಗ. ನಮ್ಮ ಊರಿನಲ್ಲಿ ದಾರಿ ತಪ್ಪಿದರೆ ಕಡಲಿಗೆ ಬೆನ್ನು ಹಾಕಿ ಪೆಡಲ್ ತುಳಿದರೆ ಆಯಿತು, ಮನೆ ಸಿಗುತ್ತದೆ. ಕಡಲು ಪಡುವಣಕ್ಕೆ, ಮನೆ ಮೂಡಣಕ್ಕೆ. ಮುಹರ್ರಕ್‌ನ ಹಳೆ ಪೇಟೆಯ ಗಲ್ಲಿಗಳಲ್ಲಿ ಗಲಿಬಿಲಿಯಾದಾಗ ಹಾಗೆಯೇ ಮಾಡಿದೆ. ಎದುರು ಕಡಲು ಬಂತು! ಸುತ್ತಿ ಮೊದಲಿನ ಜಾಗಕ್ಕೇ ಬಂದೆನೇನೋ ಎಂದು ಅದಕ್ಕೂ ಬೆನ್ನು ಹಾಕಿ ತುಳಿದೆ. ಮತ್ತೆ ಕಡಲು! ಫೋನ್ ಮನೆಯಲ್ಲಿ ಚಾರ್ಜಿಗೆ ಇಟ್ಟು ಬಂದಿದ್ದೆ. ವಿಳಾಸ ಕೇಳಿದರೆ ನನಗೆ ಗೊತ್ತಿದ್ದದ್ದು ‘ಜಿಂಜ್, ಕೆಳಗೆ ಕ್ಷೌರದ ಅಂಗಡಿ’ ಎಂದಷ್ಟೇ. ಸುತ್ತಿ ಸುತ್ತಿ ಒಂದು ಗಂಟೆ ಆಗುತ್ತಾ ಬಂದಿತ್ತು. ಕಟ್ಟೆಯ ಮೇಲೆ ಕುಳಿತೆ. ಮಗುವನ್ನು ನಾನಿಲ್ಲದೆ ಒಳಗೆ ಕರೆದುಕೊಂಡು ಹೋಗುತ್ತಾರಲ್ಲ ಎಂದು ಕಣ್ಣು ತುಂಬಿತು.

ಪಕ್ಕದಲ್ಲಿ ಬಲೆ ಸರಿಮಾಡುತ್ತಿದ್ದ ಅರಬಿ ಮುದುಕರೊಬ್ಬರು ಎದ್ದು ಬಂದು ಹಿಂದಿಯಲ್ಲಿ ಏನಾಯಿತೆಂದು ಕೇಳಿದರು. ನನ್ನ ಹರಕು ಹಿಂದಿಯಲ್ಲಿ ಎಲ್ಲ ಹೇಳಿದೆ. ಕಡಲಿಗೆ ಬೆನ್ನು ಹಾಕಿದರೂ ಮನೆ ಸಿಗಲಿಲ್ಲ ಎಂದೆ.

“ಯಾವ ಕಡಲಿಗೆ?” ಎಂದು ಅವರು ಹೊಟ್ಟೆ ಹಿಡಿದು ನಕ್ಕರು. “ಇದು ದ್ವೀಪ, ಭಾಯಿ. ಎಲ್ಲಿ ಬೆನ್ನು ಹಾಕಿದರೂ ಎದುರಿಗೆ ಕಡಲೇ!”

ನಗುತ್ತಲೇ ಸೈಕಲ್ಲಿನ ಸುತ್ತ ಒಂದು ಸುತ್ತು ಬಂದವರು ಮಡ್‌ಗಾರ್ಡಿನ ಹತ್ತಿರ ಬಗ್ಗಿದರು. ಕೆಂಪು ನಂಬರ್! ನಾನು ಅದನ್ನು ಮರೆತೇಬಿಟ್ಟಿದ್ದೆ. ಅವರು ಫೋನ್ ಒತ್ತಿ ನನ್ನ ಕಿವಿಗೆ ಹಿಡಿದರು.

“ಮಾವಾ! ಎಲ್ಲಿ ಹೋಗಿದ್ದೀರಿ ಮಾರಾಯ್ರೆ?” ಅಳಿಯನ ಸ್ವರ. “ನಾವು ಮನೆಯ ಕೆಳಗೆ ಕಾರಲ್ಲೇ ಇದ್ದೇವೆ. ಅಪ್ಪ ಬರದೆ ಇಳಿಯುವುದಿಲ್ಲ ಅಂತ ಕೂತಿದ್ದಾಳೆ ಇವಳು.”

ಆ ಹಿರಿಯರು ಅಳಿಯನಿಂದ ವಿಳಾಸ ಕೇಳಿಕೊಂಡು, ಬಲೆಯನ್ನು ಹಾಗೆಯೇ ಬಿಟ್ಟು, ಸೈಕಲ್ಲನ್ನು ತಮ್ಮ ಪಿಕಪ್ಪಿಗೆ ಎತ್ತಿದರು. ಮೀನಿನ ಚೀಲಕ್ಕೆ ಎರಡು ಹಿಡಿ ಐಸ್ ಹಾಕಿದರು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಸೇತುವೆ ದಾಟುವಾಗ ಬೆರಳು ಮಡಚಿ ಹೇಳಿದರು, ಅವರಿಗೆ ಹನ್ನೊಂದು ಮೊಮ್ಮಕ್ಕಳಂತೆ.

ಪಿಕಪ್ಪಿನಿಂದ ಇಳಿದು ಮಗುವಿಗೆ ಕೈ ಚಾಚಿದೆ. ಹೆಂಡತಿ ಅಡ್ಡ ನಿಂತಳು. “ಮೀನಿನ ಕೈಯಲ್ಲಾ? ಮೊದಲು ತೊಳೀರಿ!” ಆ ಹಿರಿಯರೇ ತಮ್ಮ ನೀರಿನ ಬಾಟಲಿಯಿಂದ ನನ್ನ ಕೈಗೆ ನೀರು ಹೊಯ್ದರು. ಮಗುವನ್ನು ದೂರದಿಂದಲೇ ನೋಡಿ “ಮಾಶಾ ಅಲ್ಲಾ” ಎಂದು ಹರಸಿದರು. ಊಟಕ್ಕೆ ನಿಲ್ಲಿ ಎಂದರೆ, ಮನೆಯಲ್ಲಿ ಕಾಯುತ್ತಾರೆಂದು ಹೊರಟೇಬಿಟ್ಟರು. ಅಳಿಯನ ಫೋನಿನಲ್ಲಿ ಈಗಲೂ ಅವರ ನಂಬರ್ ‘ಮುಹರ್ರಕ್ ಅಜ್ಜ’ ಎಂದು ಉಂಟು. ಮಗುವಿನ ಹೊಸ ಫೋಟೋ ತೆಗೆದರೆ ಮೊದಲು ಹೋಗುವುದು ಅವರಿಗೆ.

ನನ್ನ ಮೊಮ್ಮಗಳು ನನ್ನ ಕೈಯಲ್ಲೇ ಹೊಸ್ತಿಲು ದಾಟಿದಳು. ಆಗ ನನಗೆ ಏನಾಯಿತೆಂದು ಬರೆಯಲು ನನ್ನ ಮೂರನೇ ಕ್ಲಾಸು ಸಾಲದು.

ಸಂಜೆ ಎಲ್ಲರೂ ನೆಲದ ಮೇಲೆ ಚಾಪೆ ಹಾಸಿ ಊಟಕ್ಕೆ ಕುಳಿತೆವು. ಮಗು ನನ್ನ ಮಡಿಲಲ್ಲಿತ್ತು. ಶೈಲಾ ಸಾರನ್ನು ಎರಡನೇ ಸಲ ಹಾಕಿಸಿಕೊಂಡು, “ಅಪ್ಪಾ, ನಾಳೆಗೂ ಕಾಣೆ ಸಿಗ್ತದಾ?” ಎಂದಳು. ನಾನು ಬಾಯಿ ತೆರೆಯುವ ಮೊದಲೇ ಅಳಿಯ ಎದ್ದು ಹೋಗಿ ಸೈಕಲ್ಲಿಗೆ ಬೀಗ ಹಾಕಿ ಬಂದ.