ಲಕ್ಕಮ್ಮನ ಕೈಗೆ ಬಾರದ ದುಡ್ಡು

ಹೋದ ತಿಂಗಳು ನನ್ನ ಫೋನು ಬಟ್ಟೆ ನೆನೆಸಿದ್ದ ಬಕೆಟ್ಟಿಗೆ ಬಿತ್ತು.

ಬಿದ್ದದ್ದು ಗೊತ್ತಾಗಿದ್ದೇ ಹತ್ತು ನಿಮಿಷದ ಮೇಲೆ. ಅಷ್ಟರಲ್ಲಿ ಅದು ನಮ್ಮ ಮನೆಯವರ ಎರಡು ಅಂಗಿ ಮತ್ತು ನನ್ನ ಒಂದು ನೈಟಿಯ ಜೊತೆ ಸೋಪಿನ ನೀರಿನಲ್ಲಿ ಚೆನ್ನಾಗಿ ನೆಂದಿತ್ತು. ವಿಜಯನಗರದ ರಿಪೇರಿ ಅಂಗಡಿಯ ಹುಡುಗ ಅದನ್ನು ತಲೆಕೆಳಗು ಮಾಡಿ ನೋಡಿದ. ಒಂದು ತೊಟ್ಟು ನೀರು ಅವನ ಟೇಬಲ್ಲಿನ ಮೇಲೆ ಬಿತ್ತು. "ಒಣಗ್ಬೇಕು ಆಂಟಿ. ಮೂರ್ ದಿನ ಬಿಡಿ" ಎಂದ. ನಿಂಬೆಹಣ್ಣಿನ ಉಪ್ಪಿನಕಾಯಿಯ ಬಗ್ಗೆ ಹೇಳುತ್ತಿದ್ದಾನೇನೋ ಅನ್ನಿಸಿತು.

ಮೂರು ದಿನ! ಈ ಊರಿನಲ್ಲಿ ಮೂರು ದಿನ ಉಪವಾಸ ಇರಬಹುದು. ಫೋನಿಲ್ಲದೆ ಇರುವುದು ಹೇಗೆ? ಹಾಲು, ಹೂವು, ಆಟೋ, ಇಸ್ತ್ರಿ, ಎಲ್ಲದಕ್ಕೂ ಸ್ಕ್ಯಾನ್ ಮಾಡಿ ಅಭ್ಯಾಸವಾದವಳು ನಾನು. ಪರ್ಸು ತೆರೆದು ನೋಡಿದೆ. ಪಿನ್ ನಂಬರ್ ಮರೆತುಹೋಗಿರುವ ಒಂದು ಎಟಿಎಂ ಕಾರ್ಡು, ಎರಡು ಸೇಫ್ಟಿ ಪಿನ್ನು, ದೇವಸ್ಥಾನದ ಕುಂಕುಮದ ಪೊಟ್ಟಣ, ಒಂದು ಹರಿದ ಹತ್ತು ರೂಪಾಯಿ. (ಆ ನೋಟನ್ನು ನಾನು ಎಷ್ಟೋ ಸಲ ದಾಟಿಸಲು ನೋಡಿದ್ದೇನೆ. ಎಲ್ಲರೂ ನನಗಿಂತ ಹುಷಾರು.)

ಕೊನೆಗೆ ನಮ್ಮ ಮನೆಯವರೇ ಬೀರು ತೆಗೆದರು. ತಮ್ಮ ಪಂಚೆಗಳ ಕೆಳಗೆ ಹಾಸಿದ್ದ ಪೇಪರ್ ಎತ್ತಿ ನೂರರ ಆರು ಗರಿಗರಿ ನೋಟು ಕೊಟ್ಟರು.

"ಇವು ಯಾವಾಗಿಂದ ಅಲ್ಲಿದ್ವು?" ಎಂದೆ.

"ಇರ್ಲಿ ಬಿಡೇ, ಎಮರ್ಜೆನ್ಸಿಗೆ ಅಂತ ಇಟ್ಟಿದ್ದೆ."

ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷ. ಬೀರು ಒರೆಸುವವಳು ನಾನು. ಆ ಪೇಪರಿನ ಕೆಳಗೆ ದುಡ್ಡಿದೆ ಅಂತ ನನಗೆ ಗೊತ್ತಿರಲಿಲ್ಲ.

ಅದಿರಲಿ. ಆ ನೋಟುಗಳನ್ನು ಹಿಡಿದು ಮರುದಿನ ಬೆಳಿಗ್ಗೆ ಲಕ್ಕಮ್ಮನ ಹತ್ತಿರ ಹೋದೆ.

ಗೋವಿಂದರಾಜನಗರದ ನಮ್ಮ ರಸ್ತೆಯ ತಿರುವಿನಲ್ಲಿ ಒಂದು ಟೈಲರ್ ಅಂಗಡಿ ಇದೆ. ಅದು ತೆರೆಯುವುದು ಹನ್ನೊಂದಕ್ಕೆ. ಅಲ್ಲಿಯವರೆಗೆ ಮುಚ್ಚಿದ ಷಟರಿನ ಮುಂದೆ ಲಕ್ಕಮ್ಮ ಸೊಪ್ಪು ಹರಡಿಕೊಂಡು ಕೂತಿರುತ್ತಾರೆ. ವಯಸ್ಸು ಅರವತ್ತು ದಾಟಿದೆ. ಕೆಂಗೇರಿಯಿಂದ ಆಚೆಯ ಹಳ್ಳಿಯವರು. ಸ್ವಂತ ತುಂಡು ಜಮೀನಿನಲ್ಲಿ ತಾವೇ ಬೆಳೆದ ದಂಟು, ಮೆಂತ್ಯ, ಸಬ್ಬಸಿಗೆ. ಮಗ ಕುಮಾರನಿಗೆ ಒಂದು ಗೂಡ್ಸ್ ಆಟೋ ಇದೆ. ಬೆಳಿಗ್ಗೆ ಆರಕ್ಕೆ ಅಮ್ಮನನ್ನೂ ಸೊಪ್ಪಿನ ಮೂಟೆಯನ್ನೂ ಇಳಿಸಿ ಅವನು ಬಾಡಿಗೆಗೆ ಹೋಗುತ್ತಾನೆ. ಅವರು ಹನ್ನೊಂದಕ್ಕೆ ಬಸ್ಸಿನಲ್ಲಿ ವಾಪಸ್ಸು. ಹೆಂಗಸರಿಗೆ ಟಿಕೆಟ್ ಫ್ರೀ.

ಸೊಪ್ಪಿನ ಪಕ್ಕದಲ್ಲಿ ಸ್ಕ್ಯಾನ್ ಮಾಡುವ ಬೋರ್ಡು, ಅದರ ಪಕ್ಕ ದುಡ್ಡು ಬಂತೆಂದು ಕೂಗುವ ಒಂದು ಪುಟ್ಟ ಡಬ್ಬಿ. ಎರಡು ವರ್ಷದಿಂದ ನಾನು ಅಲ್ಲಿ ಫೋನು ತೋರಿಸುತ್ತೇನೆ, ಡಬ್ಬಿ ಕೂಗುತ್ತದೆ, ನಾನು ಹೊರಡುತ್ತೇನೆ. ನಮ್ಮಿಬ್ಬರ ಮಧ್ಯೆ ಮಾತಾಡುತ್ತಿದ್ದದ್ದು ಆ ಡಬ್ಬಿಯೇ.

ಅವತ್ತು ಮೂರು ಕಟ್ಟು ತೆಗೆದುಕೊಂಡು ನೂರರ ನೋಟು ಚಾಚಿದೆ. ಲಕ್ಕಮ್ಮ ಅದನ್ನು ನೋಡಿದರು, ನನ್ನನ್ನು ನೋಡಿದರು. "ಚಿಲ್ರೆ ಇಲ್ವಲ್ಲವ್ವ" ಎಂದರು.

"ಹಂಗಾದ್ರೆ ನೂರು ರೂಪಾಯಿಗಾಗೋಷ್ಟು ಸೊಪ್ಪೇ ಕೊಟ್ಬಿಡಿ. ಫೋನ್ ಹಾಳಾಗಿದೆ, ಸ್ಕ್ಯಾನ್ ಮಾಡಕ್ಕಾಗಲ್ಲ."

ಇನ್ನೆರಡು ಕಟ್ಟು ನನ್ನ ಚೀಲಕ್ಕೆ ಬಿದ್ದವು. ಲಕ್ಕಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ನೋಟು ತೆಗೆದುಕೊಂಡರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು:

"ಇದನ್ನ ನಾನೇ ಇಟ್ಕಳ್ಲಾ?"

ನನಗೆ ಅರ್ಥವೇ ಆಗಲಿಲ್ಲ. "ಸೊಪ್ಪು ನಿಮ್ದು, ದುಡ್ಡೂ ನಿಮ್ದೇ ಅಲ್ವಾ ಲಕ್ಕಮ್ಮ?" ಎಂದೆ.

ಅವರು ನಕ್ಕರು. "ನಂದೇ ಕಣವ್ವ. ಆದ್ರೆ ಕೈಗೆ ಬಂದು ಎಷ್ಟ್ ದಿನ ಆಯ್ತು ಅಂತ!"

ಇನ್ನೇನು ಮಾಡಲಿ? ಚೀಲ ಕೆಳಗಿಟ್ಟು ಷಟರಿನ ಮುಂದಿನ ಮೆಟ್ಟಿಲ ಮೇಲೆ ಕೂತೆ.

ಕಥೆ ಹೀಗಿತ್ತು. ಎರಡು ವರ್ಷದ ಹಿಂದೆ ರಶ್ ಬಸ್ಸಿನಲ್ಲಿ ಯಾರೋ ಲಕ್ಕಮ್ಮನ ಸೊಂಟದ ಚೀಲಕ್ಕೆ ಬ್ಲೇಡು ಹಾಕಿ ದಿನದ ದುಡಿಮೆಯನ್ನೆಲ್ಲ ಹೊಡೆದಿದ್ದರು. ಲಕ್ಕಮ್ಮ ಮನೆಗೆ ಹೋಗಿ ಅನ್ನ ಮುಟ್ಟದೆ ಅತ್ತರಂತೆ. ಕುಮಾರ ಮರುವಾರವೇ ಬೋರ್ಡು, ಡಬ್ಬಿ ತಂದು ಇಟ್ಟ. "ಇನ್ಮೇಲೆ ಯಾವನು ಕೊಯ್ತಾನೋ ನೋಡೋಣ" ಎಂದನಂತೆ. ಅಮ್ಮನದು ಬಟನ್ ಒತ್ತುವ ಹಳೇ ಫೋನು. ಹಾಗಾಗಿ ದುಡ್ಡು ಹೋಗಿ ಬೀಳುವುದು ಅವನ ಖಾತೆಗೆ.

"ಒಳ್ಳೆ ಮಗ ಕಣವ್ವ. ಅಕ್ಕಿ ತರ್ತಾನೆ, ಬಿಪಿ ಮಾತ್ರೆ ತರ್ತಾನೆ, ಹಬ್ಬಕ್ಕೆ ಸೀರೆ ತರ್ತಾನೆ. ಅವನ ಮೇಲೆ ನಂದೇನೂ ದೂರಿಲ್ಲ" ಎಂದರು. ಮೆಂತ್ಯದ ಕಟ್ಟಿಗೆ ನೀರು ಚಿಮುಕಿಸಿದರು. "ಆವತ್ತೊಂದಿನ ಬಸ್ ಸ್ಟಾಪಲ್ಲಿ ತಲೆ ಸುತ್ತು ಬಂತು. ಒಂದು ಲೋಟ ಟೀ ಕುಡಿಯಾನ ಅಂದ್ಕಂಡೆ. ಬೆಳಗಿಂದ ಈ ಡಬ್ಬ ಬಾಯಿ ಬಡ್ಕಂಡಿದೆ, ಇಪ್ಪತ್ ರೂಪಾಯಿ ಬಂತು, ನಲವತ್ ರೂಪಾಯಿ ಬಂತು ಅಂತ. ನನ್ ಹತ್ರ ಟೀಗೆ ಹತ್ ರೂಪಾಯಿ ಇಲ್ಲ."

"ಆಮೇಲೆ?"

"ಆಮೇಲೇನು, ಬಸ್ ಬಂತು."

ಆ ಡಬ್ಬಿಯನ್ನು ಅಷ್ಟು ಸಲ ಕೂಗಿಸಿದವರಲ್ಲಿ ನಾನೂ ಒಬ್ಬಳು. ಒಂದು ದಿನವೂ ಯೋಚಿಸಿರಲಿಲ್ಲ, ನಾನು ಕೊಟ್ಟ ದುಡ್ಡು ಹೋಗುವುದೆಲ್ಲಿಗೆ? ಎದುರಿಗೆ ಕೂತವರಿಗಲ್ಲದೆ ಇನ್ಯಾರಿಗೆ ಅಂದುಕೊಂಡಿದ್ದೆ. ಕಳ್ಳರ ಕೈಗೆ ಸಿಗದಿರಲಿ ಎಂದು ಮಾಡಿದ ಏರ್ಪಾಡು. ದುಡಿದವರ ಕೈಗೂ ಸಿಗದೆ ಹೋಯಿತು.

(ನಗಬೇಡಿ, ನನ್ನದೂ ಅರ್ಧ ಇದೇ ಕಥೆ. ನಮ್ಮದು ಜಾಯಿಂಟ್ ಅಕೌಂಟು. ಬ್ಯಾಂಕಿನ ಮೆಸೇಜ್ ಹೋಗುವುದು ನಮ್ಮ ಮನೆಯವರ ಫೋನಿಗೆ. ನಾನು ರಸ್ತೆ ಬದಿಯಲ್ಲಿ ಪಾನಿಪುರಿ ತಿಂದು ಬಾಯಿ ಒರೆಸಿಕೊಳ್ಳುವ ಮೊದಲೇ ಅವರಿಗೆ ಸುದ್ದಿ ಮುಟ್ಟಿರುತ್ತದೆ. ಪಾಪ, ಬೈಯುವವರಲ್ಲ. ಸಂಜೆ ಬಂದು "ಇವತ್ತು ಪಾನಿಪುರಿನಾ?" ಅಂತ ನಗುತ್ತಾರೆ ಅಷ್ಟೆ. ಆದರೂ ಮರುದಿನ ಆ ಗಾಡಿಯನ್ನು ಯಾಕೋ ದಾಟಿಕೊಂಡು ಹೋಗುತ್ತೇನೆ.)

ಅಂಕಣ ಬರೆಯುವವರಿಗೆ ಒಂದು ಕೆಟ್ಟ ಚಾಳಿ. ಕಂಡವರ ಮನೆಯ ವಿಷಯವನ್ನು ಸರಿ ಮಾಡಲು ಹೊರಡುತ್ತೇವೆ. ಎರಡು ದಿನ ಬಿಟ್ಟು ಬೆಳಿಗ್ಗೆ ಆರಕ್ಕೇ ಎದ್ದು ಕೆಳಗಿಳಿದೆ. ಕುಮಾರ ಗೂಡ್ಸ್ ಆಟೋದಿಂದ ಮೂಟೆ ಇಳಿಸುತ್ತಿದ್ದ. ಮೂವತ್ತೈದರ ಆಸುಪಾಸು, ಗಟ್ಟಿ ಆಳು, ಮುಖದಲ್ಲಿ ನಿದ್ದೆ.

ನಾಲ್ಕು ಮಾತು ಆಡಿ, ಮೆಲ್ಲಗೆ ವಿಷಯಕ್ಕೆ ಬಂದೆ. "ಕುಮಾರ್, ದಿನಾ ಅಮ್ಮನ ಕೈಗೆ ಒಂದಿಷ್ಟು ಕ್ಯಾಶ್ ಕೊಟ್ಟಿರಬಹುದಲ್ವಾ?"

ಅವನು ಮೂಟೆಯನ್ನು ಹಾಗೇ ನೆಲಕ್ಕೆ ಬಿಟ್ಟ. "ಅಮ್ಮ ಏನಾದ್ರೂ ಹೇಳಿದ್ರಾ ಮೇಡಂ?"

"ಇಲ್ಲಪ್ಪ, ನಾನೇ..."

"ನಾನೇನು ಅಮ್ಮನ ದುಡ್ಡಲ್ಲಿ ಮಜಾ ಮಾಡ್ತಾ ಇದೀನಾ? ಗಾಡಿ ಕಂತು, ಮಕ್ಕಳ ಸ್ಕೂಲು, ಎಲ್ಲಾ ನಡೀಬೇಕಲ್ವಾ? ಅಮ್ಮಂಗೆ ಏನ್ ಕಮ್ಮಿ ಮಾಡಿದೀನಿ, ನೀವೇ ಕೇಳಿ." ಅಮ್ಮನ ಕಡೆ ತಿರುಗಿದ. ದನಿ ಏರಿರಲಿಲ್ಲ, ಒಡೆದಿತ್ತು. "ನೀನು ಕೇಳಿದ್ರೆ ನಾನು ಕೊಡಲ್ವೇನಮ್ಮ?"

ಲಕ್ಕಮ್ಮ ಗೋಣಿ ಬಿಚ್ಚುತ್ತಿದ್ದವರು ತಲೆ ಎತ್ತಲಿಲ್ಲ.

"ಕೊಡ್ತೀಯ ಕಣಪ್ಪ. ಕೇಳ್ಬೇಕಲ್ಲ."

ಹಾಲಿನ ಗಾಡಿಯೊಂದು ಹಾದುಹೋಯಿತು. ನಾನು ಯಾಕಾದರೂ ಬಾಯಿ ತೆರೆದೆನೋ ಅಂದುಕೊಳ್ಳುತ್ತಿದ್ದಾಗ ಲಕ್ಕಮ್ಮ ಮತ್ತೆ ಮಾತಾಡಿದರು. ಮಗನಿಗೂ ಅಲ್ಲ, ನನಗೂ ಅಲ್ಲ, ಕೈಯಲ್ಲಿದ್ದ ಸೊಪ್ಪಿಗೆ ಹೇಳುವಂತೆ.

"ನಿನ್ ದೊಡ್ಡವ್ವಂಗೆ ಹುಷಾರಿಲ್ದಾಗ ನೋಡಕ್ಕೆ ಹೋಗಿದ್ನಲ್ಲ, ಮಾಗಡಿ ಕಡೆಗೆ. ಬಸ್ ಸ್ಟ್ಯಾಂಡಲ್ಲಿ ಕಿತ್ತಲೆ ಹಣ್ಣು ರಾಶಿ ಹಾಕಿದ್ರು. ನಮ್ಮಕ್ಕಂಗೆ ಕಿತ್ತಲೆ ಅಂದ್ರೆ ಪ್ರಾಣ. ಕೈ ಸೊಂಟಕ್ಕೆ ಹೋಯ್ತು. ಏನಿತ್ತು ಅಲ್ಲಿ? ನಿಂಗೆ ಫೋನ್ ಮಾಡ್ದೆ. ನೀನು ತುಮಕೂರಿಗೆ ಲೋಡ್ ತಗಂಡ್ ಹೋಗಿದ್ದೆ, ಎತ್ತಲಿಲ್ಲ. ಬರಿಗೈಲಿ ಹೋಗಿ ಅವಳ ಪಕ್ಕ ಕೂತೆ."

ಕುಮಾರ ಜೇಬಿನಿಂದ ಫೋನು ತೆಗೆದು, ನೋಡಿ, ಮತ್ತೆ ಒಳಗಿಟ್ಟ.

"ಎಂಟು ದಿನಕ್ಕೆ ಹೋಗ್ಬಿಟ್ಲು. ಅವಳೇನೂ ಅಂದ್ಕಂಡಿರಲ್ಲ. ನಂಗೇ ಹೋಗ್ತಾ ಇಲ್ಲ ಮನಸಿಂದ."

"ನಂಗ್ಯಾಕಮ್ಮ ಹೇಳಲಿಲ್ಲ?"

"ಹೇಳಿದ್ರೆ ನೀನು ಬೇಜಾರ್ ಮಾಡ್ಕತಿದ್ದೆ."

ಅವನು ಉಳಿದ ಮೂಟೆಗಳನ್ನು ಒಂದೊಂದಾಗಿ ಇಳಿಸಿದ, ಅಮ್ಮ ಕೂರುವ ಜಾಗಕ್ಕೆ ಗೋಣಿ ಹಾಸಿದ, ನೀರಿನ ಬಾಟಲಿ ಪಕ್ಕಕ್ಕಿಟ್ಟ. ಎಲ್ಲ ದಿನದ ಕೆಲಸವೇ. ಆದರೆ ಯಾರ ಮುಖವನ್ನೂ ನೋಡಲಿಲ್ಲ. ಗಾಡಿ ಸ್ಟಾರ್ಟ್ ಮಾಡಿ ಹೋಗಿಬಿಟ್ಟ. ಲಕ್ಕಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡು "ಹೋಗವ್ವ, ನಿಂಗೂ ಮನೆ ಕೆಲ್ಸ ಇರ್ತದೆ" ಎಂದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಮರುದಿನ ಲಕ್ಕಮ್ಮ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಟೈಲರ್ ಅಂಗಡಿಯ ಮುಂದೆ ಖಾಲಿ ಜಾಗ. ಎರಡು ಒಣಗಿದ ದಂಟಿನ ಎಲೆ. ಅಷ್ಟರಲ್ಲಿ ನನ್ನ ಫೋನು ಒಣಗಿ ವಾಪಸ್ಸು ಬಂದಿತ್ತು. ಸೊಪ್ಪನ್ನೂ ಅದರಲ್ಲೇ ಒತ್ತಿ ತರಿಸಬಹುದಿತ್ತು, ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ. ಬೆರಳು ಹೋಗಲಿಲ್ಲ. ಎರಡು ದಿನ ನಮ್ಮ ಮನೆಯಲ್ಲಿ ತಿಳಿಸಾರು. ನಮ್ಮ ಮನೆಯವರು ತಟ್ಟೆ ನೋಡಿ, "ಸಮಾಜ ಸೇವೆ ಎಲ್ಲಿಗೆ ಬಂತು?" ಅಂತ ಕೇಳಿದರು. ಒಂದು ಮನೆಯೊಳಗೆ ತೆಪ್ಪಗಿದ್ದ ನೋವನ್ನು ಬೀದಿಗೆಳೆದು ತಂದವಳು ನಾನೇ ಅಲ್ಲವೇ?

ಮೂರನೇ ದಿನ ಬೆಳಿಗ್ಗೆ ಬಾಲ್ಕನಿಯಿಂದ ಇಣುಕಿದರೆ ಗೂಡ್ಸ್ ಆಟೋ ನಿಂತಿದೆ!

ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಲಕ್ಕಮ್ಮ ಆಗಲೇ ಕೂತಿದ್ದರು. ಅಕ್ಕನ ಮನೆಗೆ ಹೋಗಿದ್ದರಂತೆ, ಮಗನೇ ಬಾಡಿಗೆ ಬಿಟ್ಟು ಕರೆದುಕೊಂಡು ಹೋಗಿದ್ದನಂತೆ. ಅಕ್ಕನ ಫೋಟೋದ ಮುಂದೆ ಹಣ್ಣಿಟ್ಟು, ರಾತ್ರಿ ಅಲ್ಲೇ ಉಳಿದು ಬಂದಿದ್ದರು. ಯಾವ ಹಣ್ಣು ಅಂತ ನಾನು ಕೇಳಲಿಲ್ಲ.

ಕುಮಾರ ಷಟರಿಗೆ ಒಂದು ರಟ್ಟಿನ ತುಂಡು ಒರಗಿಸುತ್ತಿದ್ದ. ಬಿಸ್ಕತ್ ಬಾಕ್ಸಿನಿಂದ ಕತ್ತರಿಸಿದ್ದು. ಅದರ ಮೇಲೆ ನೀಲಿ ಸ್ಕೆಚ್ ಪೆನ್ನಿನಲ್ಲಿ ದಪ್ಪ ಅಕ್ಷರ: "ಎಂಟು ಗಂಟೆವರೆಗೆ ನೋಟು, ಚಿಲ್ಲರೆ ಮಾತ್ರ. ಅದು ಅಮ್ಮಂದು. ಎಂಟರ ಮೇಲೆ ಸ್ಕ್ಯಾನ್."

ಸ್ಕ್ಯಾನ್ ಬೋರ್ಡು ಮಗುಚಿ ಮಲಗಿತ್ತು. ಡಬ್ಬಿಯ ಬಾಯಿ ಬಂದ್.

"ಹಿಂಗೆ ಮಾಡಿದ್ರೆ ಆಗತ್ತಲ್ವಾ ಮೇಡಂ?" ಎಂದ. ನನ್ನ ಕಡೆ ನೋಡಲು ಇನ್ನೂ ಸಂಕೋಚ. "ಎಲ್ಲಾ ಕ್ಯಾಶ್ ಆದ್ರೆ ಮತ್ತೆ ಬಸ್ಸಲ್ಲಿ ಭಯ. ಇಷ್ಟಾದ್ರೆ ಸೊಂಟದಲ್ಲಿ ಇಟ್ಕೋಬೋದು. ನಾನು ಲೆಕ್ಕ ಕೇಳಲ್ಲ."

ಎಷ್ಟು ಸುಲಭದ ಉಪಾಯ! ಅದನ್ನು ಹುಡುಕಲು ಯಾವ ಆ್ಯಪೂ ಬೇಕಾಗಲಿಲ್ಲ, ಅಂಕಣಕಾರ್ತಿಯೂ ಬೇಕಾಗಲಿಲ್ಲ.

ಸುಲಭ ಅಂದೆನಾ? ಗಿರಾಕಿಗಳು ಸುಮ್ಮನಿರಬೇಕಲ್ಲ. ಜಾಗಿಂಗ್ ಮುಗಿಸಿ ಬಂದ ಒಬ್ಬ ಹುಡುಗ ಫೋನು ಹಿಡಿದು ಬೋರ್ಡು ಹುಡುಕಿದ. "ಆಂಟಿ, ಕ್ಯಾಶ್ ಯಾರ್ ಇಟ್ಕೊಂಡ್ ಓಡಾಡ್ತಾರೆ ಈಗ?" ಎಂದ. "ಹಂಗಾರೆ ಎಂಟ್ ಗಂಟೆ ಮೇಲೆ ಬಾಪ್ಪ, ಸೊಪ್ಪೆಲ್ಲೂ ಓಡೋಗಲ್ಲ" ಎಂದರು ಲಕ್ಕಮ್ಮ. ಅವನು ಗೊಣಗುತ್ತಾ ಹೋದ. ಒಂದಿಬ್ಬರು ಮುಂದಿನ ಕ್ರಾಸಿನ ಗಾಡಿಯವನ ಹತ್ತಿರ ಹೋದರು. ಮೊದಲ ವಾರ ವ್ಯಾಪಾರ ಕಮ್ಮಿಯೇ ಆಯಿತು. ಆದರೆ ಅದೇ ಜಾಗಿಂಗ್ ಹುಡುಗ ಮುಂದಿನ ವಾರ ರಟ್ಟನ್ನು ಪೂರ್ತಿ ಓದಿದನಂತೆ. ಈಗ ಶೂಸಿನೊಳಗೆ ಮಡಿಚಿದ ನೋಟು ಇಟ್ಟುಕೊಂಡು ಓಡುತ್ತಾನೆ. (ಆ ನೋಟಿನ ವಾಸನೆಯ ಬಗ್ಗೆ ಲಕ್ಕಮ್ಮ ಹೇಳಿದ್ದನ್ನು ಇಲ್ಲಿ ಬರೆಯಲಾರೆ.)

ಫೋನಿನ ಮೇಲೆ ನನಗೇನೂ ಸಿಟ್ಟಿಲ್ಲ. ಆಟೋಗೆ, ಮೆಡಿಕಲ್ ಸ್ಟೋರಿಗೆ, ಕರೆಂಟ್ ಬಿಲ್ಲಿಗೆ ಈಗಲೂ ಅದೇ ಗತಿ. ಚಿಲ್ಲರೆಗಾಗಿ ಜಗಳ ಕಾಯುವ ಕಾಲ ಮುಗಿದದ್ದು ಒಳ್ಳೆಯದೇ ಆಯಿತು. ಆದರೆ ಎಂಟರೊಳಗೆ ಸೊಪ್ಪಿಗೆ ಇಳಿಯುವಾಗ ಮಾತ್ರ ಫೋನು ಮನೆಯಲ್ಲೇ ಇರುತ್ತದೆ.

ಮೊನ್ನೆ ಭಾನುವಾರ ಎರಡು ಕಟ್ಟು ದಂಟು ತೆಗೆದುಕೊಂಡು ಐವತ್ತರ ನೋಟು ಕೊಟ್ಟೆ. ಹತ್ತು ರೂಪಾಯಿ ಚಿಲ್ಲರೆ ವಾಪಸ್ಸು ಬಂತು! ಲಕ್ಕಮ್ಮ ನೋಟನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಅವರ ಕೈಗೆ ಆ ಕೆಲಸ ಮರೆತಿರಲಿಲ್ಲ.

ನನಗೋ ಕುತೂಹಲ. ಕೇಳಿಯೇಬಿಟ್ಟೆ. "ಈ ದುಡ್ಡಲ್ಲಿ ಏನ್ ಮಾಡ್ತೀರಾ ಲಕ್ಕಮ್ಮ?"

ಅವರು ಬಾಯಿಗೆ ಸೆರಗು ಅಡ್ಡ ಹಿಡಿದು, ಹುಡುಗಿಯ ಹಾಗೆ ನಕ್ಕರು.

"ಅಯ್ಯೋ, ಅದ್ನ ನಿಂಗ್ಯಾಕ್ ಹೇಳ್ಬೇಕವ್ವ?"

ಹೌದಲ್ಲ, ಯಾಕೆ ಹೇಳಬೇಕು?